ಡೆನ್ಮಾರ್ಕಿನ ಮೋಟರಿನೊಳಗೆ ರಾಮನಗರದ ನೂಲು

"ಸುಟ್ಟು ನೋಡೇ ಬುಡನ ಸಾಹೇಬ್ರೇ," ಎಂದಳು ಅಕ್ಬರಿ ಬೇಗಂ. "ಕಣ್ಣು ಮೊದ್ಲಿನಂಗಿಲ್ಲ. ಮೂಗು ಐತೆ."

ಬೋರಲಿಂಗಯ್ಯ ಅಂಗುಲದಷ್ಟು ದಾರವನ್ನು ಅವಳ ಅಂಗೈಗೆ ಹಾಕಿದ. ಅವಳು ಅದನ್ನು ಚಿಮುಟದ ತುದಿಗೆ ಸಿಕ್ಕಿಸಿ ಒಲೆಯ ಬಾಯಿಗೆ ಒಡ್ಡಿದಳು. ದಾರ ಕರಗಲಿಲ್ಲ. ಚಿಟಿಚಿಟಿ ಎಂದು ಸುರುಟಿಕೊಂಡಿತು, ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಗುಂಡು ಉಳಿಯಿತು. ಬೇಗಂ ಅದನ್ನು ಎರಡು ಬೆರಳ ನಡುವೆ ಹೊಸಕಿದಳು. ಬೂದಿಯಾಗಿ ಉದುರಿತು. ಬೆರಳನ್ನು ಮೂಗಿಗೆ ಹಿಡಿದಳು.

"ಕೂದ್ಲು ಸುಟ್ಟ ವಾಸ್ನೆ. ರೇಷ್ಮೆ."

"ಖಾತ್ರಿನಾ?"

"ನಲವತ್ತು ವರ್ಷದಿಂದ ಈ ಹಬೇಲಿ ಬೇಯ್ತಾ ಇವ್ನಿ. ನೈಲಾನ್ ಆಗಿದ್ರೆ ಬೆಲ್ಲದ ಪಾಕದಂಗೆ ತೊಟ್ಟಿಕ್ಕೋದು. ಮಾರ್ಕೆಟ್ನಲ್ಲಿ ಮೂವತ್ತು ವರ್ಷ ರೇಷ್ಮೆಗೂಡು ಮುಟ್ಟಿ ರೇಟು ಹೇಳ್ದೋರು ನೀವು. ನನ್ನ ಕೇಳ್ತೀರಲ್ಲ!"

"ಗೂಡು ನಂದು. ನೂಲು ನಿಂದು," ಎಂದ ಬೋರಲಿಂಗಯ್ಯ.

ರಾಮನಗರದ ಆ ನೂಲು ಬಿಚ್ಚುವ ಶೆಡ್ಡಿನಲ್ಲಿ ಐದು ಬಾಂಡಲಿಗಳು ಕುದಿಯುತ್ತಿದ್ದವು. ಬೆಂದ ಹುಳುವಿನ ವಾಸನೆ ಗೋಡೆಗೂ ಹತ್ತಿಕೊಂಡಿತ್ತು. ರಾಟೆಯ ಮುಂದೆ ಕೂತ ಹೆಂಗಸರು ಕೈ ನಿಲ್ಲಿಸಿರಲಿಲ್ಲ, ಆದರೆ ಕಿವಿಗಳು ಇತ್ತ ತಿರುಗಿದ್ದವು.

ಅವರಿಬ್ಬರ ನಡುವೆ ಗೋಣಿತಟ್ಟಿನ ಮೇಲೆ ಒಂದು ಮೋಟರಿನ ಹೊರಮೈ ಇತ್ತು. ಒಳಸುತ್ತಿನಲ್ಲಿ ತಾಮ್ರದ ತಂತಿ ಒತ್ತೊತ್ತಾಗಿ ಕೂತಿತ್ತು. ಹೊರಗಡೆ ಬೆಳ್ಳಿಯ ಬಣ್ಣದ ಸಣ್ಣ ಪಟ್ಟಿ: ಡೆನ್ಮಾರ್ಕಿನಲ್ಲಿ ತಯಾರಾದದ್ದು.

ಮರಳವಾಡಿಯ ಲತಾಮಣಿಯ ಸೊಪ್ಪಿನ ಕೋಣೆಯಲ್ಲಿ, ಹಿಪ್ಪುನೇರಳೆ ಕಂತೆಗಳ ಅಡಿಯಲ್ಲಿ ಮೂರು ದಿನದ ಹಿಂದೆ ಸಿಕ್ಕಿದ ಮೋಟರು ಇದು. ಅದನ್ನು ಅಲ್ಲಿ ಬಚ್ಚಿಟ್ಟವನು ಅವಳ ಗಂಡ ಜಯಕುಮಾರ, ಹಾರೋಹಳ್ಳಿಯ ಕಾರಿನ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದವನು. ಅವನು ಕಾಣೆಯಾಗಿ ಇವತ್ತಿಗೆ ಒಂಬತ್ತು ದಿನ.

ಮೋಟರು ಕದ್ದು ಓಡಿಹೋದ ಎಂದು ಕಾರ್ಖಾನೆಯವರು ದೂರು ಕೊಟ್ಟಿದ್ದರು. ಸ್ಟೋರಿನ ಮ್ಯಾನೇಜರ್ ಶಂಭುಲಿಂಗ ಶುಕ್ರವಾರ ಮರಳವಾಡಿಗೇ ಬಂದು, ಜಗುಲಿಯ ಮೇಲೆ ಕೂರದೆ ನಿಂತೇ ಹೇಳಿಹೋಗಿದ್ದ: ಸೋಮವಾರ ಹತ್ತು ಗಂಟೆಯೊಳಗೆ ಮೋಟರು ಗೇಟಿಗೆ ಬರಬೇಕು, ಇಲ್ಲದಿದ್ದರೆ ಹೆಂಡತಿಯ ಹೆಸರೂ ದೂರಿಗೆ ಸೇರುತ್ತದೆ.

ಕೊಟ್ಟರೆ ಗಂಡ ಕಳ್ಳನೆಂದು ಒಪ್ಪಿದ ಹಾಗೆ. ಕೊಡದಿದ್ದರೆ ತಾನೂ ಕಳ್ಳಿ. ಲತಾಮಣಿಯ ತಂದೆಯ ಸ್ನೇಹಕ್ಕೆ ಕಟ್ಟುಬಿದ್ದು ಈ ಕೆಲಸಕ್ಕೆ ಇಳಿದಿದ್ದ ಬೋರಲಿಂಗಯ್ಯನಿಗೆ ಉಳಿದದ್ದು ಈ ಭಾನುವಾರವೊಂದೇ.

"ಡೆನ್ಮಾರ್ಕಲ್ಲಿ ರೇಷ್ಮೆ ಬೆಳೀತಾರಾ?" ಎಂದು ಕೇಳಿದಳು ಬೇಗಂ.

"ಹಿಮ ಬೀಳೋ ಸೀಮೆಯಂತೆ. ಹಿಪ್ಪುನೇರಳೆ ಎಲ್ಲಿ ಬರ್ತದೆ?"

"ಮತ್ತೆ ಇದ್ಹೆಂಗೆ ಒಳಿಕ್ಕೆ ಹೋಯ್ತು?"

"ಅದ್ಕೇ ನಿನ್ನ ಮುಂದೆ ತಂದಿಟ್ಟಿರೋದು."

ಕನಕಪುರದಲ್ಲಿ ಪಂಪ್‌ಸೆಟ್ ಮೋಟರು ಸುತ್ತುವ ಶುಕೂರ್ ನಿನ್ನೆ ಇದನ್ನು ಬಿಚ್ಚಿಕೊಟ್ಟಿದ್ದ. ತಂತಿಯ ಸುರುಳಿಗಳು ಅಲುಗದಂತೆ ಸುತ್ತಲೂ ದಾರದಿಂದ ಬಿಗಿದು ಕಟ್ಟಿರುತ್ತಾರೆ. ಎಲ್ಲ ಕಟ್ಟೂ ಮೇಣ ಸವರಿದ ನೈಲಾನಿನವು, ಮೂರು ಮಾತ್ರ ಬೇರೆ. ದಾರ ಮುಗಿದಿರಬೇಕು, ಕಟ್ಟುತ್ತಿದ್ದವರು ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿ ಮುಗಿಸಿದ್ದಾರೆ ಎಂದಿದ್ದ ಶುಕೂರ್.

ಕೈಗೆ ಸಿಕ್ಕಿದ್ದರಲ್ಲಿ. ಆ ಮಾತು ಬೋರಲಿಂಗಯ್ಯನಿಗೆ ಬೆಳಗಾಗುವವರೆಗೂ ನಿದ್ದೆ ಕೊಟ್ಟಿರಲಿಲ್ಲ.

ಬೇಗಂ ಕನ್ನಡಕ ಹಾಕಿಕೊಂಡು ಬಗ್ಗಿದಳು. ಉಗುರಿನಿಂದ ಒಂದು ಕಟ್ಟನ್ನು ಮೆಲ್ಲಗೆ ಎಬ್ಬಿಸಿದಳು.

"ಎಂಟೆಳೆ ಸೇರ್ಸಿ ತೊಡೆ ಮೇಲೆ ಹೊಸ್ದವ್ಳೆ. ಮಿಷನ್ ಹುರಿ ಅಲ್ಲ. ನೂಲಿನ ಲಡಿ ಕಟ್ಟಕ್ಕೆ ಅಂತ ನಮ್ಮೋರು ಸೊಂಟಕ್ಕೆ ಸಿಗಿಸ್ಕೊಂಡಿರ್ತಾರಲ್ಲ, ಅಂಥದ್ದು. ಕೆಲ್ಸ ಬುಟ್ಟು ಹತ್ತು ವರ್ಷ ಆದ್ರೂ ಸೊಂಟದಲ್ಲಿ ಒಂದೆಳೆ ಇಲ್ದೆ ಇರಕಾಗಲ್ಲ ನಮ್ಗೆ."

"ಹೊಸ್ದವ್ಳೆ ಅಂತೀಯಲ್ಲ. ಹೆಂಗಸು ಅಂತ ಹೆಂಗೆ ಗೊತ್ತಾಯ್ತು?"

"ಗಂಡಸ್ರು ಕಟ್ಟಿದ್ರೆ ಎರಡು ಗಂಟು ಜಾಸ್ತಿ ಹಾಕಿರೋರು. ಅವ್ರಿಗೆ ಅವ್ರ ಕೈ ಮೇಲೇ ನಂಬ್ಕೆ ಇರಕಿಲ್ಲ."

ರಾಟೆಯ ಮುಂದಿನ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಬೇಗಂ ನಗಲಿಲ್ಲ. ಅವಳ ಹೆಬ್ಬೆರಳು ಗಂಟಿನ ಮೇಲೆ ನಿಂತುಬಿಟ್ಟಿತ್ತು. ಇನ್ನೊಂದು ಗಂಟು ಮುಟ್ಟಿದಳು. ಮೂರನೆಯದನ್ನೂ. ತನ್ನ ಬಲಗೈಯಿಂದ ಗಾಳಿಯಲ್ಲಿ ಒಂದು ಗಂಟು ಹಾಕಿದಂತೆ ಮಾಡಿದಳು. ಆಮೇಲೆ ಎಡಗೈಯಿಂದ.

"ಅರೆ," ಎಂದಳು. "ಇದು ಉಲ್ಟಾ ಬಂದೈತಲ್ಲ!"

"ಅಂದ್ರೆ?"

"ನನ್ ಅತ್ತೆ ಕಲ್ಸಿದ ಗಂಟು ಇದು. ಈ ಮನೇಲಿ ಕೂತೋರಿಗೆ ಬುಟ್ರೆ ಬೇರೆಯೋರಿಗೆ ಬರಕಿಲ್ಲ. ಆದ್ರೆ ನಾವೆಲ್ಲ ಬಲಗಡೆ ತಿರುಗಿಸ್ತೀವಿ. ಇದು ಎಡಗೈ." ಅವಳ ಮುಖ ಅರಳಿತು. "ನಮ್ ಎಡ್ಚಿ! ಇನ್ನೂ ಕೆಲ್ಸ ಮಾಡ್ತಾವ್ಳಾ ಅವ್ಳು? ಎಲ್ ಸಿಕ್ಕಿದ್ಲು ನಿಮ್ಗೆ?"

"ಯಾರು ಎಡ್ಚಿ?"

"ಬೈರಿ ಸಾಹೇಬ್ರೇ. ಬೈರಮ್ಮ. ಮದ್ವೆಗೆ ಮುಂಚೆ ಆರು ವರ್ಷ ಆ ಮೂಲೇಲಿ ಕೂತು ನೂಲು ಬಿಚ್ಚಿದ್ಲು. ಎಷ್ಟು ಬೈದ್ರೂ ಬಲಗೈ ಬರ್ಲಿಲ್ಲ ಅವ್ಳಿಗೆ. ಮರಳವಾಡಿಗೆ ಕೊಟ್ರು."

ಬೋರಲಿಂಗಯ್ಯ ಗೋಣಿತಟ್ಟು ಮಡಿಚುತ್ತಿದ್ದವನು ಹಾಗೇ ನಿಂತ.

ಮರಳವಾಡಿಯ ಬೈರಮ್ಮ ಜಯಕುಮಾರನ ತಾಯಿ. ಮೊನ್ನೆ ಅವಳ ಮನೆಯ ಜಗುಲಿಯಲ್ಲೇ ಕೂತು, ಅವಳು ಕೊಟ್ಟ ಕಾಫಿ ಕುಡಿದು, "ನಿನ್ ಮಗನ್ನ ಹುಡುಕ್ತೀನಿ, ಧೈರ್ಯವಾಗಿರು" ಎಂದು ಹೇಳಿ ಬಂದಿದ್ದ.

"ಅವ್ಳಿಗೆ ಹೇಳಿ," ಎನ್ನುತ್ತಿದ್ದಳು ಬೇಗಂ, "ಅಕ್ಬರಿ ಇನ್ನೂ ಬದುಕವ್ಳೆ, ಒಂದಪ ಬಂದು ಹೋಗು ಅಂದ್ಲು ಅಂತ."

*

ಹಳೆಯ ಚೇತಕ್ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಗೋಣಿಯ ಗಂಟು ಇಟ್ಟುಕೊಂಡು ಬೋರಲಿಂಗಯ್ಯ ಹಾರೋಹಳ್ಳಿ ರಸ್ತೆ ಹಿಡಿದ.

ಊರಿನವರು ಅವನನ್ನು ಇನ್ಸ್‌ಪೆಕ್ಟ್ರು ಎನ್ನುತ್ತಿದ್ದರು. ಹೊಸಬರು ಪೊಲೀಸು ಅಂದುಕೊಳ್ಳುತ್ತಿದ್ದರು. ಅವನು ಗೂಡಿನ ಮಾರುಕಟ್ಟೆಯ ಇನ್ಸ್‌ಪೆಕ್ಟರು, ನಿವೃತ್ತ. ಯಾವ ಲಾಟಿನಲ್ಲಿ ಹಳೇ ಗೂಡು ಬೆರೆಸಿದ್ದಾರೆ, ಯಾವ ಬುಟ್ಟಿಯ ಅಡಿಯಲ್ಲಿ ಒದ್ದೆ ಗೂಡಿದೆ ಎಂದು ಕೈಯಾಡಿಸಿ ಹೇಳುವುದು ಅವನ ಬದುಕಾಗಿತ್ತು. ಮೇಲೆ ಹರಡಿದ ಗೂಡು ಯಾವತ್ತೂ ಚೆನ್ನಾಗಿಯೇ ಇರುತ್ತದೆ. ಕೈಯನ್ನು ಮೊಣಕೈವರೆಗೆ ಇಳಿಸಬೇಕು.

ಜಯಕುಮಾರನ ಮನೆಯ ವಿಷಯದಲ್ಲಿ ಅವನು ಮೇಲಿನ ಗೂಡನ್ನೇ ನೋಡಿದ್ದ. ಅಳುವ ತಾಯಿ, ಅಳದ ಹೆಂಡತಿ. ಅಳದವಳ ಮೇಲೆ ಅನುಮಾನಪಟ್ಟು ಎರಡು ದಿನ ಕಳೆದಿದ್ದ.

ರಸ್ತೆಯ ಎರಡೂ ಕಡೆ ಹೊಲಗಳು ನಂಬರು ಬರೆದ ಕಲ್ಲುಗಳಾಗಿದ್ದವು. ರಾಗಿ ಬಿತ್ತಬೇಕಾದ ಕೆಂಪು ನೆಲದಲ್ಲಿ ಜೆಸಿಬಿಯ ಹಲ್ಲಿನ ಗುರುತು. ಇನ್ನೂ ಬಿಟ್ಟುಕೊಡದ ಒಂದೊಂದು ತೋಟ ನಡುವೆ ಹಸುರಾಗಿ ಉಳಿದಿತ್ತು, ಸುತ್ತಲ ತಂತಿಬೇಲಿಗೆ ಬೆದರಿದ ಹಾಗೆ.

ಕಾರ್ಖಾನೆಯ ಗೇಟಿನ ಮುಂದೆ ಸ್ಕೂಟರು ತಾನಾಗಿಯೇ ನಿಧಾನವಾಯಿತು. ಹೊಸ ಫಲಕ ಎದ್ದಿತ್ತು. ಎರಡು ಬಾವುಟ, ನಡುವೆ ಒಂದು ಪುಟ್ಟ ಬಿಳಿ ಕಾರು. ಹೆಸರು ವೆಲ್ಗಾ. ಕೆಳಗೆ: 'ಹೃದಯ ಡೆನ್ಮಾರ್ಕಿನದು, ಮೈ ಭಾರತದ್ದು. ಇದೇ ಮಂಗಳವಾರ ನಿಮ್ಮ ಮುಂದೆ.'

ಪೆಟ್ರೋಲಿಲ್ಲದೆ ಓಡುವ ಕಾರು. ಎರಡು ದೇಶದ ಕಂಪನಿಗಳು ಕೂಡಿ ಮಾಡಿದ್ದು. ಮೋಟರು ಅಲ್ಲಿಂದ ಪೆಟ್ಟಿಗೆಯಲ್ಲಿ ಬರುತ್ತದೆ, ಇಲ್ಲಿ ಜೋಡಿಸುತ್ತಾರೆ ಎಂದು ಸುತ್ತಮುತ್ತಲ ಊರಿನ ಚಹದಂಗಡಿಗಳಲ್ಲೆಲ್ಲ ಗೊತ್ತಿತ್ತು. ಆ ಪೆಟ್ಟಿಗೆಗಳನ್ನು ಎಣಿಸಿ ಒಳಗೆ ತೆಗೆದುಕೊಳ್ಳುತ್ತಿದ್ದವನೇ ಜಯಕುಮಾರ.

ಬೋರಲಿಂಗಯ್ಯನಿಗೆ ಮಾರುಕಟ್ಟೆಯ ಹಳದಿ ಗೂಡು ನೆನಪಾಯಿತು. ತಾಯಿ ಮೈಸೂರು ತಳಿ, ತಂದೆ ಜಪಾನಿನದು. ಅದನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಮಾರುಕಟ್ಟೆಯ ಗೋಡೆಯ ಮೇಲೇ ಬರೆದಿತ್ತು. ರೈತ ಕೇಳಿದರೆ 'ಮಿಶ್ರತಳಿ ಕಣಪ್ಪ' ಎಂದು ಮೊಟ್ಟೆ ಕೊಡುತ್ತಿದ್ದರು. ಬೆರೆಸುವುದರಲ್ಲಿ ತಪ್ಪಿರಲಿಲ್ಲ. ಇಲ್ಲಿ ತಾಯಿಯ ಹೆಸರನ್ನೇ ಅಳಿಸಿದ್ದರು.

ಗೇಟಿನ ಕಾವಲುಗಾರ ಅವನನ್ನೇ ನೋಡುತ್ತಿದ್ದ. ನೋಡುತ್ತಲೇ ಮೊಬೈಲು ಕಿವಿಗಿಟ್ಟುಕೊಂಡ.

ಬೋರಲಿಂಗಯ್ಯ ಗೇರು ಹಾಕಿದ.

*

ಮರಳವಾಡಿಯ ಹುಳುವಿನ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸುಣ್ಣದ ನೀರಿನಲ್ಲಿ ಕಾಲದ್ದಿ, ಬೋರಲಿಂಗಯ್ಯ ಹೊಸಿಲ ಮೇಲೆ ನಿಂತ. ಹುಳುಗಳು ನಾಲ್ಕನೇ ಜ್ವರ ಎದ್ದು, ಕೊನೆಯ ಸಲ ಪೊರೆ ಕಳಚಿ, ಮೂರು ದಿನವಾಗಿತ್ತು. ಸಾವಿರಾರು ಬಾಯಿಗಳು ಒಟ್ಟಿಗೆ ಸೊಪ್ಪು ಕೊರೆಯುವ ಸದ್ದು ಮನೆ ತುಂಬಿತ್ತು.

ಬೈರಮ್ಮ ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡುತ್ತಾ ಹೋಗುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು, ತೆಳ್ಳಗೆ, ಚುರುಕಾಗಿ. ಸೊಪ್ಪು ಬೀಳುತ್ತಿದ್ದದ್ದು ಎಡಗೈಯಿಂದ. ಮೊನ್ನೆಯೂ ಹಾಗೇ ಬೀಳುತ್ತಿದ್ದಿರಬೇಕು.

"ಲತಾ ಎಲ್ಲಿ?"

"ತೋಟದಲ್ಲಿ ಸೊಪ್ಪು ಕುಯ್ತಾವ್ಳೆ. ಈಗ ಕೇಳ್ಬೇಡ ನೋಡು ಈ ಹುಳುಗಳ ಹಸಿವ್ನ, ಕೊಟ್ಟಷ್ಟೂ ಸಾಲದು. ಏನಾರ ಗೊತ್ತಾಯ್ತಾ ಅಣ್ಣ, ನನ್ ಮಗಂದು?" ಅವಳ ಕಣ್ಣು ಗೋಣಿಯ ಗಂಟಿನ ಮೇಲೆ ಬಿತ್ತು. "ಅದ್ನ ಒಳಿಕ್ಕೆ ತರ್ಬೇಡ. ವಾರ್ನಿಶ್ ವಾಸ್ನೆಗೆ ಹುಳ ಸೊಪ್ಪು ಬುಟ್‌ಬುಡ್ತವೆ."

"ಬಟ್ಟೆಯೊಳಗೈತೆ. ವಾರ್ನಿಶ್ ಅಂತ ಹೆಂಗೆ ಗೊತ್ತಾಯ್ತು ನಿಂಗೆ?"

"ಮೋಟ್ರು ಅಂದ್ಮೇಲೆ ವಾರ್ನಿಶ್ ಬಳೀದೆ ಇರ್ತಾರಾ? ನಮ್ ಬೋರ್‌ವೆಲ್ ಮೋಟ್ರು ವರ್ಷಕ್ಕೆ ಮೂರು ಸಲ ಸುಡ್ತದೆ, ನಂಗೊತ್ತಿಲ್ವಾ?"

ಮಾತಿನಲ್ಲಿ ತಡೆಯಿರಲಿಲ್ಲ. ಬೋರಲಿಂಗಯ್ಯ ಗಂಟನ್ನು ಹೊರಗೆ ಜಗುಲಿಯ ಮೇಲಿಟ್ಟು ಬಂದು ಹೊಸಿಲಲ್ಲಿ ಕೂತ.

"ರಾಮನಗರಕ್ಕೆ ಹೋಗಿದ್ದೆ. ಅಕ್ಬರಿ ಬೇಗಂ ಸಿಕ್ಕಿದ್ಲು," ಎಂದ. "ಎಡ್ಚಿ ಹೆಂಗವ್ಳೆ ಅಂತ ಕೇಳಿದ್ಲು."

ಸೊಪ್ಪು ಹಿಡಿದ ಕೈ ಗಾಳಿಯಲ್ಲೇ ನಿಂತಿತು.

ಹುಳುಗಳು ತಿನ್ನುತ್ತಲೇ ಇದ್ದವು. ಬೈರಮ್ಮ ಆ ಹಿಡಿ ಸೊಪ್ಪನ್ನು ಮುಂದಿನ ತಟ್ಟೆಗೆ ಹಾಕಿದಳು, ಸಮನಾಗಿ ಹರಡಿದಳು. ಅದರ ಮುಂದಿನದಕ್ಕೆ ಹೋದಳು.

"ಬೈರಮ್ಮಾ."

"ಕೆಲ್ಸ ಐತೆ ಕಣಣ್ಣ."

"ಮೂರು ಗಂಟು. ರೇಷ್ಮೆ ನೂಲಿಂದು. ಎಡಗೈದು."

"ಯಾರ್ ಯಾರೋ ಎಡಗೈಯೋರು ಇರ್ತಾರೆ."

"ಇರ್ತಾರೆ. ಬೇಗಂ ಅತ್ತೆ ಹತ್ರ ಕಲ್ತ ಎಡಗೈಯೋರು ಎಷ್ಟು ಜನ?"

ಅವಳು ಬುಟ್ಟಿಯಿಂದ ಇನ್ನೊಂದು ಹಿಡಿ ಸೊಪ್ಪು ಎತ್ತಿಕೊಂಡಳು.

"ಮಧ್ಯಾಹ್ನದ ಪಾಳಿ ಗಾರ್ಮೆಂಟ್ಸ್‌ಗೆ ಅಂತ ಸಂಕ್ರಾಂತಿಯಿಂದ ವ್ಯಾನ್ ಹತ್ತಿ ಹೋಗ್ತೀಯಲ್ಲ. ಎಲ್ಲಿಗೆ ಹೋಗ್ತೀಯ?"

"ಗಾರ್ಮೆಂಟ್ಸ್‌ಗೆ."

"ಯಾವ ಗಾರ್ಮೆಂಟ್ಸು? ಶರ್ಟು ಹೊಲೀತಾರಾ, ಪ್ಯಾಂಟಾ?"

"ಯಾಕಣ್ಣ ಹಿಂಗೆ ಹಿಂಸೆ ಕೊಡ್ತೀಯ!" ಬೈರಮ್ಮ ಒಮ್ಮೆಗೇ ತಿರುಗಿದಳು. "ನನ್ ಮಗನ್ನ ಹುಡುಕು ಅಂತ ಕರುದ್ರೆ ನನ್ ಕೈ ಹುಡುಕ್ಕಂಡು ಬಂದಿದ್ದೀಯ!"

"ಎರಡೂ ಒಂದೇ ಕಡೆ ಸಿಕ್ತವೆ ಅಂತ ಅನ್ನಿಸ್ತದೆ."

ಅವಳು ಸೊಪ್ಪಿನ ಬುಟ್ಟಿಯನ್ನು ನೆಲಕ್ಕಿಟ್ಟಳು. ಆದರೆ ಸುಮ್ಮನೆ ನಿಲ್ಲಲಾರದೆ ಅದರಿಂದಲೇ ಒಂದೊಂದು ಎಲೆ ಎತ್ತಿ ಒಣಗಿದ ತುದಿ ಕಿತ್ತು ಹಾಕತೊಡಗಿದಳು.

"ಕೈಲಾಂಚದ ತಾವ," ಎಂದಳು. "ಗವಿಸಿದ್ದಯ್ಯನ ಹಳೇ ಹುಳದ ಮನೆ ಐತಲ್ಲ, ಶೀಟಿಂದು. ಅಲ್ಲಿ ಮೂವತ್ತು ಜನ ಇದ್ದೀವಿ. ಎಲ್ಲಾ ನೂಲು ಬಿಚ್ಚಿದ ಕೈಗಳೇ. ಸಣ್ಣ ತಂತಿ ಕಡೀದಂಗೆ ಸುತ್ತಕ್ಕೆ ನಿಮ್ಮಂಥೋರು ಬೇರೆ ಎಲ್ಲೂ ಸಿಗಕಿಲ್ಲ ಅಂತ ಶಂಭುಲಿಂಗಪ್ಪ ಹೊಗುಳ್ದ. ನಾನೂ ಒಸಿ ಉಬ್ಬಿದೆ. ನೂಲು ಬುಟ್ಟು ಮೂವತ್ತೈದು ವರ್ಷ ಆಗಿತ್ತು ಕಣಣ್ಣ. ಕೈ ಮರ್ತಿರ್ಲಿಲ್ಲ."

"ಯಾರಿಗೂ ಯಾಕೆ ಹೇಳ್ಲಿಲ್ಲ?"

"ಹೇಳಂಗಿರ್ಲಿಲ್ಲ. 'ಅವ್ವಾ, ಈ ಕಾರು ಡೆನ್ಮಾರ್ಕಿಂದು ಅಂತ ಜನ ತಗೊಳದು. ಕೈಲಾಂಚದ ಶೆಡ್ನಲ್ಲಿ ನೀವು ಕೂತು ಸುತ್ತಿದ್ದು ಅಂದ್ರೆ ಯಾರು ತಗಂತಾರೆ? ತಗೊಳ್ದೆ ಹೋದ್ರೆ ಕಾರ್ಖಾನೆ ಮುಚ್ಚೋಯ್ತದೆ. ನಿನ್ ಮಗ ಮನೇಲಿ ಕೂರ್ತಾನೆ' ಅಂದ. ನಮ್ ಎರಡೆಕ್ರೆ ಕಾರ್ಖಾನೆಗೆ ಹೋದಾಗ ಮನೆಗೊಂದು ಕೆಲ್ಸ ಅಂತ ಕೊಟ್ಟಿದ್ದು. ಆ ಕೆಲ್ಸ ಹೋದ್ರೆ ನೆಲಾನೂ ಇಲ್ಲ, ನೌಕ್ರೀನೂ ಇಲ್ಲ."

"ನೀನು ಸುತ್ತಿದ ಮೋಟರನ್ನ ಪೆಟ್ಟಿಗೆಗೆ ಹಾಕಿ ಡೆನ್ಮಾರ್ಕಿಂದ ಬಂತು ಅಂತ ನಿನ್ ಮಗನ ಮುಂದೆ ಇಳಿಸೋರು. ಅವನು ರುಜು ಹಾಕೋನು."

"ಅವನಿಗೆ ಗೊತ್ತಿರ್ಲಿಲ್ಲ. ದೇವ್ರಾಣೆಗೂ ಗೊತ್ತಿರ್ಲಿಲ್ಲ." ಎಲೆ ಕೀಳುವ ಕೈ ಇನ್ನೂ ವೇಗವಾಯಿತು. "ಒಂದಿನ ಅಲ್ಲಿ ದಾರ ಮುಗ್ದೋಯ್ತು. ವ್ಯಾನ್ ಬರೋ ಹೊತ್ತು. ಮೂರು ಕಟ್ಟು ಬಾಕಿ. ಅರ್ಧಕ್ಕೆ ಬುಟ್ಟು ಏಳದು ನಂಗೆ ಅಭ್ಯಾಸ ಇಲ್ಲ. ಸೊಂಟದಲ್ಲಿತ್ತು, ಕಟ್ಬುಟ್ಟೆ. ಕಾರಿಗೆ ಹಾಕಿ ಓಡ್ಸಿ ನೋಡುವಾಗ ಆ ಮೋಟ್ರೇ ಕೆಟ್ಟು ಸ್ಟೋರಿಗೆ ವಾಪಸ್ ಬಂತಂತೆ. ಬಿಚ್ಚಿದಾಗ ಇವನು ನೋಡವ್ನೆ. ಅವನ ಉಡದಾರ ಕಟ್ಟಿ ಬೆಳೆಸಿದ ಕೈ ಕಣಣ್ಣ ಇದು. ಅವನಿಗೆ ಗುರ್ತು ಸಿಗದೆ ಇರ್ತದಾ?"

ಬೋರಲಿಂಗಯ್ಯ ಕಾಯ್ದ. ಮಾರುಕಟ್ಟೆಯಲ್ಲಿ ಕಲಿತದ್ದು ಅದೊಂದನ್ನೇ. ಕೈ ಇಳಿಸಿದ ಮೇಲೆ ಆತುರಪಡಬಾರದು.

"ಮೋಟ್ರು ಮನೆಗೆ ಹೊತ್ಕೊಂಡು ಬಂದ. ಲತಾ ತೋಟಕ್ಕೆ ಹೋಗಿದ್ಲು. ಇಲ್ಲೇ, ಈ ಬಾಗ್ಲಲ್ಲೇ ನಿಂತ್ಕೊಂಡು ಕೇಳ್ದ. 'ಅವ್ವ, ಇದು ನಿನ್ ಕೈ ತಾನೇ' ಅಂತ."

"ಏನಂದೆ?"

"ಅಲ್ಲ ಅಂದೆ." ಬೈರಮ್ಮ ಎಲೆಯನ್ನು ಬಿಟ್ಟಳು. "ಅವನ ಮಕ ನೋಡ್ಕಂಡೇ ಅಲ್ಲ ಅಂದ್ಬುಟ್ಟೆ. ಹೂಂ ಅಂದಿದ್ರೆ ಸಿಟ್ಟು ಮಾಡ್ಕೊಂಡು ನಾಲ್ಕು ಮಾತಾಡಿ ಸುಮ್ನಾಗ್ತಿದ್ನೇನೋ. ಅಲ್ಲ ಅಂದಿದ್ಕೆ ತಾನೇ ನೋಡಕ್ಕೆ ಬಂದ. ಮಾರ್ನೆ ದಿನ ವ್ಯಾನಿನ ಹಿಂದೇನೇ ಬೈಕ್ನಲ್ಲಿ."

"ಕೈಲಾಂಚಕ್ಕೆ?"

"ಶೆಡ್ ಬಾಗ್ಲಲ್ಲಿ ಬಂದು ನಿಂತ. ಮೂವತ್ತು ಜನದ ಮುಂದೆ. ನನ್ ತೊಡೆ ಮೇಲೆ ತಂತಿ ಇತ್ತು. 'ಏಳವ್ವ, ಮನೆಗೆ ಹೋಗನ' ಅಂದ. ಅಷ್ಟೇ ಅಂದಿದ್ದು. ಬೈಲೂ ಇಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನು ಏಳ್ಲಿಲ್ಲ. ಶಂಭುಲಿಂಗಪ್ಪ ಅವನ ಹೆಗಲ ಮೇಲೆ ಕೈ ಹಾಕ್ಕಂಡು ಹಿಂದ್ಗಡೆ ಕೋಣೆಗೆ ಕರ್ಕೊಂಡೋದ, ಸ್ನೇಹಿತನ್ನ ಕರ್ಕೊಂಡೋದಂಗೆ."

"ಆಮೇಲೆ?"

"ಆಮೇಲೆ ಆಚೆ ಬುಟ್ಟಿಲ್ಲ."

"ಬೈರಮ್ಮಾ! ಒಂಬತ್ತು ದಿನದಿಂದ ನಿನ್ ಮಗ ಎಲ್ಲವ್ನೆ ಅಂತ ನಿಂಗೆ ಗೊತ್ತಿತ್ತಾ?"

"ಕಾರು ಬಿಡುಗಡೆ ಆಗೋವರ್ಗೂ ಇಲ್ಲೇ ಇರ್ಲಿ ಅಂದ. ಬಾಯಿ ಬುಟ್ರೆ ಮೋಟ್ರು ಕದ್ದೋನು ಅಂತ ಜೈಲಿಗೆ ಹಾಕುಸ್ತೀನಿ, ಸುಮ್ನಿದ್ರೆ ಬುಧವಾರ ಮನೇಲಿರ್ತಾನೆ ಅಂದ. ಊಟ ನಾನೇ ತಗೊಂಡು ಹೋಗ್ತಿದ್ದೆ. ನನ್ ಡಬ್ಬಿ ಜೊತೆ ಇನ್ನೊಂದು ಡಬ್ಬಿ. ಕಾವಲಿನೋನು ಇಸ್ಕೊಂಡು ಒಳಿಕ್ಕೆ ಕೊಡ್ತಿದ್ದ."

ಹಿಂದೆ ಏನೋ ದೊಪ್ಪನೆ ಬಿತ್ತು.

ಲತಾಮಣಿ ಅಂಗಳದಲ್ಲಿ ನಿಂತಿದ್ದಳು. ತಲೆಯ ಮೇಲಿದ್ದ ಸೊಪ್ಪಿನ ಹೊರೆ ಕಾಲ ಬಳಿ ಬಿದ್ದಿತ್ತು. ಮೂವತ್ತರೊಳಗಿನ ಹೆಣ್ಣು. ಒಂಬತ್ತು ದಿನದಿಂದ ಬಸ್ ಸ್ಟ್ಯಾಂಡು, ಆಸ್ಪತ್ರೆ, ಕೆರೆ ಏರಿ ಎಂದು ತಿರುಗಿ ಮುಖ ಕಪ್ಪಿಟ್ಟಿತ್ತು. ಅವಳು ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ ಗೊತ್ತಾಗಲಿಲ್ಲ.

"ಮುದ್ದೆ ಯಾಕೆ ಜಾಸ್ತಿ ಮಾಡ್ತೀರಾ ಅಂತ ಕೇಳಿದ್ನಲ್ಲ ಅತ್ತೆ," ಎಂದಳು. ದನಿ ಎತ್ತರಿಸಲಿಲ್ಲ. "ಜೊತೇಲಿ ಕೆಲ್ಸ ಮಾಡೋಳಿಗೆ ಯಾರೂ ಇಲ್ಲ ಕಣಮ್ಮ ಅಂದ್ರಿ. ನಾನು ಅಯ್ಯೋ ಪಾಪ ಅಂತ ಉಪ್ಪಿನಕಾಯಿ ಬೇರೆ ಹಾಕಿ ಕಳ್ಸಿದೆ."

"ಮಗಾ, ಅವನು ಚೆನ್ನಾಗವ್ನೆ ಅಂತ…"

"ನಂಗೊಂದ್ ಮಾತು ಹೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಮ್ಗೆ? ಕೆರೆ ಏರಿ ಮೇಲೆ ನಿಂತು ನೀರು ನೋಡ್ತಿದ್ನಲ್ಲ, ನೀವೂ ಪಕ್ಕದಲ್ಲಿ ನಿಂತಿದ್ರಲ್ಲ!"

ಬೈರಮ್ಮ ಕುಸಿದು ಕೂತಳು. ಅಳು ಈಗ ಬಂದದ್ದು ಮೊದಲಿನ ಹಾಗಿರಲಿಲ್ಲ. ಸದ್ದೇ ಇರಲಿಲ್ಲ.

"ಅಳ್ಬೇಡಿ ಅತ್ತೆ. ಅವ್ರು ಹೆಂಗವ್ರೆ ಹೇಳಿ," ಎಂದಳು ಲತಾಮಣಿ.

"ಮೊನ್ನೆವರ್ಗೂ ಡಬ್ಬಿ ತೊಳ್ದು ಕೊಡ್ತಿದ್ದ." ಬೈರಮ್ಮನ ಮಾತು ನೆಲಕ್ಕೇ ಆಡಿದಂತಿತ್ತು. "ತಿಂದ್ಮೇಲೆ ತೊಳ್ದೇ ಕಳ್ಸೋನು. ಅದ್ನ ನೋಡೇ ನಂಗೆ ಜೀವ ಬರ್ತಿತ್ತು. ನೆನ್ನೆ… ನೆನ್ನೆ ಹಾಕಿದ ಮುದ್ದೆ ಹಾಕಿದಂಗೇ ವಾಪಸ್ ಬಂತು."

"ಸ್ಟೇಷನ್ಗೆ ಹೋಗನ. ಈಗ್ಲೇ," ಎಂದು ಬೋರಲಿಂಗಯ್ಯ ಎದ್ದ.

"ಹೋಗಿ ಏನಂತ ಹೇಳ್ತೀರಿ ದೊಡ್ಡಪ್ಪ? ಅಲ್ಲಿ ಕಾಗದ ಇರೋದು ನನ್ ಗಂಡ ಕಳ್ಳ ಅಂತ. ನಾವು ಬರ್ಕೊಟ್ಟು, ಪೊಲೀಸ್ರು ಜೀಪು ತೆಗೆಯೋ ಹೊತ್ಗೆ ಆ ಕೋಣೇಲಿ ಏನುಳಿದಿರ್ತದೆ?"

ಊರ ಮುಂದಿನಿಂದ ವ್ಯಾನಿನ ಹಾರನ್ನು ಕೇಳಿತು. ಎರಡು ಸಲ, ಉದ್ದಕ್ಕೆ. ಬೈರಮ್ಮ ಬೆಚ್ಚಿ ಎದ್ದಳು, ಕೈ ತಾನಾಗಿಯೇ ಗೋಡೆಯ ಗೂಡಿನಲ್ಲಿದ್ದ ಬ್ಯಾಗಿಗೆ ಹೋಯಿತು. ಎರಡು ಡಬ್ಬಿ ಅದರೊಳಗೆ ಕಟ್ಟಿಟ್ಟಾಗಿತ್ತು.

ಲತಾಮಣಿ ಒಳಗೆ ಬಂದು ಆ ಬ್ಯಾಗನ್ನು ಅತ್ತೆಯ ಕೈಯಿಂದ ಬಿಡಿಸಿಕೊಂಡಳು. ಗೂಟಕ್ಕೆ ನೇತುಹಾಕಿದ್ದ ಅವಳ ಹಳೇ ಟವೆಲನ್ನು ತೆಗೆದು ತಲೆಗೆ ಹೊದ್ದಳು.

"ಏನ್ಮಾಡ್ತಿದ್ದೀಯವ್ವ?" ಎಂದ ಬೋರಲಿಂಗಯ್ಯ.

"ನನ್ ಗಂಡನ ಊಟ ನಾನು ತಗೊಂಡು ಹೋಗ್ತೀನಿ."

"ಬ್ಯಾಡ ಮಗ. ನಿನ್ನ ಮಕ ಶಂಭುಲಿಂಗ ನೋಡವ್ನೆ."

"ವ್ಯಾನಿನ ಡ್ರೈವರ್ ನೋಡಿಲ್ಲ. ನೀವು ಹಿಂದೆ ಬನ್ನಿ. ಕೋಣೆ ಬಾಗ್ಲು ಯಾವ ಕಡೆ ಅತ್ತೆ?"

"ವಾರ್ನಿಶ್ ಒಣಗ್ಸೋ ಒಲೆ ಪಕ್ಕ… ನೀಲಿ ಬಣ್ಣದ್ದು… ಲತಾ, ಬ್ಯಾಡ ಕಣೇ, ನಾನೇ ಹೋಯ್ತೀನಿ ಕಣೇ!"

"ನೀವು ಹುಳಕ್ಕೆ ಸೊಪ್ಪು ಹಾಕಿ."

ಅವಳು ಆಗಲೇ ಬೀದಿಯಲ್ಲಿದ್ದಳು. ಬೋರಲಿಂಗಯ್ಯ ಸ್ಕೂಟರಿನ ಕಡೆ ಓಡಿದ. ಬೀದಿಯ ತುದಿಯಲ್ಲಿ ಡ್ರೈವರು ಏನೋ ಕೇಳಿದ್ದು, "ಅತ್ತೆಗೆ ಜ್ವರ, ಬದಲಿಗೆ ನಾನು" ಎಂದು ಲತಾಮಣಿ ಹೇಳಿದ್ದು ಗಾಳಿಯಲ್ಲಿ ತೇಲಿ ಬಂತು. ಡ್ರೈವರು ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಬಾಗಿಲು ಎಳೆದುಕೊಂಡ.

*

ಹಾರೋಹಳ್ಳಿಯ ಕೂಡುರಸ್ತೆಯವರೆಗೂ ಬಿಳಿ ವ್ಯಾನು ಕಣ್ಣ ಮುಂದೇ ಇತ್ತು. ಅದರ ಹಿಂದಿನ ಗಾಜಿನಲ್ಲಿ ಟವೆಲು ಹೊದ್ದ ತಲೆಗಳು ಒಂದೇ ತೆರನಾಗಿ ಅಲುಗುತ್ತಿದ್ದವು. ಯಾವುದು ಲತಾಮಣಿಯದೋ ಹೇಳುವಂತಿರಲಿಲ್ಲ.

ಬೆಂಗಳೂರು ಕಡೆಯ ಬಸ್ಸೊಂದು ಅಡ್ಡ ನಿಂತು ಎಲ್ಲ ಗಾಡಿಗಳೂ ನಿಂತವು. ಬೋರಲಿಂಗಯ್ಯನ ಜೇಬಿನಲ್ಲಿ ಮೊಬೈಲು ನಡುಗಿತು.

"ನಮಸ್ಕಾರ ಇನ್ಸ್‌ಪೆಕ್ಟ್ರೇ. ಶಂಭುಲಿಂಗ." ಬಹಳ ಸಮಾಧಾನದ ದನಿ. "ಬೆಳಿಗ್ಗೆ ನಮ್ ಗೇಟ್ ಮುಂದೆ ನಿಂತಿದ್ರಂತೆ. ಒಳಗೆ ಬಂದಿದ್ರೆ ಕಾಫಿ ಕುಡೀಬೋದಿತ್ತು."

"ನಾಳೆ ಬರ್ತೀನಿ. ಹತ್ತು ಗಂಟೆಗೆ. ಮೋಟರು ತಗೊಂಡು."

"ಅದನ್ನೇ ಹೇಳೋಣ ಅಂತ ಫೋನ್ ಮಾಡಿದೆ. ನೀವು ಬರೋದೇನೂ ಬೇಕಾಗಿಲ್ಲ. ಮೋಟರು ಅಲ್ಲೇ ಇರ್ಲಿ."

ಬೋರಲಿಂಗಯ್ಯ ಸ್ಕೂಟರು ಆರಿಸಿದ.

"ಯಾಕೆ?"

"ಜಯಕುಮಾರನ ಮೇಲಿನ ಕಂಪ್ಲೇಂಟ್ ವಾಪಸ್ ತಗೊಂಡಿದ್ದೀವಿ. ಪಾಪ, ಹೋಗ್ಲಿ ಬಿಡಿ. ಇನ್ನು ಅವನ ಮೇಲೆ ಯಾವ ಕೇಸೂ ಇಲ್ಲ."

"ಯಾವತ್ತು ತಗೊಂಡ್ರಿ?"

ಆ ಕಡೆ ಕುರ್ಚಿ ಸರಿದ ಸದ್ದು.

"ನೆನ್ನೆ ಮಧ್ಯಾಹ್ನ," ಎಂದ ಶಂಭುಲಿಂಗ. ಫೋನಿಟ್ಟ. ಮುದ್ದೆ ಹಾಕಿದಂಗೇ ವಾಪಸ್ ಬಂದದ್ದೂ ನೆನ್ನೆಯೇ.

ಬಸ್ಸು ಸರಿಯಿತು. ಗಾಡಿಗಳು ಒಟ್ಟಿಗೆ ಹಾರನ್ನು ಹೊಡೆದವು. ಬೋರಲಿಂಗಯ್ಯ ತಲೆಯೆತ್ತಿ ನೋಡಿದ. ಕೈಲಾಂಚಕ್ಕೆ ಹೋಗಬೇಕಾದರೆ ರಾಮನಗರದ ರಸ್ತೆ ಹಿಡಿಯಬೇಕು. ಆ ರಸ್ತೆಯಲ್ಲಿ ಒಂದು ಎತ್ತಿನ ಗಾಡಿಯ ಹೊರತು ಏನೂ ಇರಲಿಲ್ಲ.

ಬಿಳಿ ವ್ಯಾನು ಕನಕಪುರದ ಕಡೆ, ಕಲ್ಲು ಕ್ವಾರಿಗಳ ದಿಕ್ಕಿಗೆ, ದೂಳೆಬ್ಬಿಸಿಕೊಂಡು ಹೋಗುತ್ತಿತ್ತು.